ಪದವಿಯ ಮುಂದಿನ ಎರಡು ವರ್ಷಗಳು

(ನಮ್ಮ ವಿದ್ಯಾಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಜರಗಿದ ರಕ್ಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಎಡ್., ಇವರು ಮಾಡಿದ ಭಾಷಣ)



ಕಳೆದ ಜೂನ್ ತಿಂಗಳಿನಲ್ಲಿ, ಶಾಲೆ ತೆರೆದ ಎರಡನೆಯ ವಾರ, ಮಳೆ ಬಿಟ್ಟೂಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ನಮ್ಮ ಊರಿನ ಕೃಷಿಕರೊಬ್ಬರು ನನ್ನ ಕೊಠಡಿಗೆ ಬಂದರು. ಕೊಡೆಯನ್ನು ಹೊರಗಿರಿಸಿ, ಬಹಳ ಹೊತ್ತು ತೋಟದ ವಿಷಯವನ್ನೇ ಮಾತನಾಡಿದರು. ಅಡಿಕೆಗೆ ಎಲೆಚುಕ್ಕಿ ರೋಗ ಬಂದಿರುವುದು, ಮದ್ದು ಬಿಡಲು ಆಳು ಸಿಕ್ಕದಿರುವುದು, ಇವೆಲ್ಲ ಮುಗಿದ ಮೇಲೆ ಮೆಲ್ಲನೆ ಕೇಳಿದರು: “ಮಾಷ್ಟ್ರೇ, ಮಗಳ ಡಿಗ್ರಿ ಆಯಿತಲ್ಲ. ಇನ್ನೂ ಎರಡು ವರ್ಷ ಓದುತ್ತೇನೆ ಅಂತ ಹೇಳುತ್ತಾಳೆ. ಓದಿಸಿದರೆ ಕೆಲಸ ಸಿಕ್ಕೀತು ಅಂತ ಉಂಟಾ?”

ಆ ದಿನ ನಾನು ಅವರಿಗೆ ಕೊಟ್ಟ ಉತ್ತರ ನನಗೇ ತೃಪ್ತಿಯನ್ನುಂಟುಮಾಡಲಿಲ್ಲ. “ವಿದ್ಯೆ ಎಂದೂ ವ್ಯರ್ಥವಾಗುವುದಿಲ್ಲ, ಓದಿಸಿ” ಎಂದೆ. ಮಾತು ಸುಳ್ಳಲ್ಲ, ಆದರೆ ಆ ತಂದೆ ಕೇಳಿದ್ದು ಬೇರೆ, ನಾನು ಹೇಳಿದ್ದು ಬೇರೆ. ಅವರು ತೋಟದ ಆದಾಯದಿಂದ ಎರಡು ವರ್ಷಗಳ ವೆಚ್ಚವನ್ನು ತೆಗೆದಿಡಬೇಕಾಗಿತ್ತು. ಅಂಥವರಿಗೆ ಸುಭಾಷಿತವು ಸಾಲದು, ಲೆಕ್ಕ ಬೇಕು. ಅಂದು ಕೊಡಲಾರದೆ ಹೋದ ಉತ್ತರವನ್ನು ಇಂದು ತಮ್ಮೆಲ್ಲರ ಸಮ್ಮುಖದಲ್ಲಿ ಕೊಡಲು ಯತ್ನಿಸುತ್ತೇನೆ. ಸ್ನಾತಕೋತ್ತರ ವ್ಯಾಸಂಗದಿಂದ ಪದವೀಧರನಿಗೆ ಉದ್ಯೋಗ ಸುಲಭವಾದೀತೇ, ಆಗುವುದಾದರೆ ಯಾವ ಉದ್ಯೋಗ, ಯಾವ ನಿಬಂಧನೆಗಳಿಂದ, ಎಂಬುದೇ ನನ್ನ ಇಂದಿನ ವಿಷಯ.

ಮೊದಲು ಪದವಿಯ ಬೆಲೆಯನ್ನೇ ನೋಡೋಣ. ೧೯೫೬ನೆಯ ನವೆಂಬರ್ ೧ರಂದು ನಮ್ಮ ಕಾಸರಗೋಡು ತಾಲೂಕು ಕೇರಳ ರಾಜ್ಯಕ್ಕೆ ಸೇರಿತು. ಮರುವರ್ಷ, ೧೯೫೭ರಲ್ಲಿ, ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಅದಕ್ಕಿಂತ ಮೊದಲು ಮೆಟ್ರಿಕ್ಯುಲೇಶನ್ ಮುಗಿಸಿದವನು ಮುಂದೆ ಓದಬೇಕಾದರೆ ಮಂಗಳೂರಿಗೋ ಮದರಾಸಿಗೋ ಹೋಗಬೇಕಾಗಿತ್ತು. ಆ ಕಾಲದಲ್ಲಿ ಒಂದು ಗ್ರಾಮಕ್ಕೆ ಒಬ್ಬ ಪದವೀಧರನಿದ್ದರೆ ಅವನನ್ನು ಹುಡುಕಿಕೊಂಡು ಉದ್ಯೋಗವೇ ಬರುತ್ತಿತ್ತು. ಇಂದು ಒಂದೊಂದು ಮನೆಯಲ್ಲಿಯೂ ಪದವೀಧರರಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಎಲ್ಲರ ಕೈಯಲ್ಲಿಯೂ ಇರುವ ವಸ್ತುವಿಗೆ ಪೇಟೆಯಲ್ಲಿ ಹೆಚ್ಚಿನ ಬೆಲೆ ಬರುವುದಿಲ್ಲವೆಂಬುದು ಅಡಿಕೆ ಬೆಳೆಯುವ ತಮಗೆ ನಾನು ಹೇಳಬೇಕಾದುದಿಲ್ಲ. ನಮ್ಮ ದೇಶದಲ್ಲಿ ನಿರುದ್ಯೋಗದ ಪ್ರಮಾಣವು ಓದದವರಲ್ಲಿರುವುದಕ್ಕಿಂತ ಪದವೀಧರರಲ್ಲಿ ಹೆಚ್ಚೆಂಬುದನ್ನು ಸರಕಾರದ ಸಮೀಕ್ಷೆಗಳೇ ತೋರಿಸುತ್ತವೆ. ಓದದವನು ಸಿಕ್ಕಿದ ಕೆಲಸಕ್ಕೆ ಕೈಹಾಕುತ್ತಾನೆ, ಕೈಹಾಕದಿದ್ದರೆ ಅಂದಿನ ಊಟವಿಲ್ಲ. ಓದಿದವನು ತನ್ನ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಹೀಗೆ ಕಾಯುವ ವರ್ಷಗಳನ್ನು ತುಂಬಿಸುವುದಕ್ಕಾಗಿಯೇ ಅನೇಕರು ಎಂ.ಎ. ತರಗತಿಗೆ ಸೇರುತ್ತಾರೆ. ನಾನು ಎಚ್ಚರಿಸಬೇಕೆಂದಿರುವುದು ಇದರ ಕುರಿತಾಗಿಯೇ.

ಸ್ನಾತಕೋತ್ತರ ಪದವಿಯ ದೃಷ್ಟಿಯಿಂದ ಉದ್ಯೋಗಗಳನ್ನು ಮೂರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು, ಬರಿಯ ಪದವಿಯೇ ಸಾಕಾಗುವ ಉದ್ಯೋಗಗಳು. ಬ್ಯಾಂಕಿನ ಪ್ರೊಬೆಷನರಿ ಅಧಿಕಾರಿಗಳ ಪರೀಕ್ಷೆ, ಕೇರಳ ಲೋಕಸೇವಾ ಆಯೋಗದ ಸೆಕ್ರೆಟೇರಿಯೇಟ್ ಅಸಿಸ್ಟೆಂಟ್ ಪರೀಕ್ಷೆ, ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವಿಸ್ ಪರೀಕ್ಷೆ, ಇವಕ್ಕೆಲ್ಲ ಯಾವುದಾದರೂ ಒಂದು ಪದವಿಯಿದ್ದರೆ ಅರ್ಜಿ ಹಾಕಬಹುದು. ಎಂ.ಎ. ಆದವನಿಗೆ ಅಲ್ಲಿ ಒಂದು ಅಂಕವೂ ಹೆಚ್ಚಿಗೆ ದೊರೆಯುವುದಿಲ್ಲ. ಅದಕ್ಕೆ ಬದಲಾಗಿ ವಯಸ್ಸು ಕಳೆಯುತ್ತದೆ. ಸಾಮಾನ್ಯ ವರ್ಗದವರಿಗೆ ಬ್ಯಾಂಕಿನ ಪರೀಕ್ಷೆಗೆ ೩೦ ವರ್ಷ, ಸಿವಿಲ್ ಸರ್ವಿಸಿಗೆ ೩೨ ವರ್ಷ ವಯಸ್ಸಿನ ಮಿತಿಯಿದೆ. ಇಂಥ ಉದ್ಯೋಗವೇ ಬೇಕೆಂದು ನಿಶ್ಚಯಿಸಿದವನು ಪದವಿ ಮುಗಿದ ಕೂಡಲೇ ಆ ಪರೀಕ್ಷೆಗೆ ಓದಬೇಕಲ್ಲದೆ ಎಂ.ಎ. ತರಗತಿಯಲ್ಲಿ ಕುಳಿತು ಅದರ ಕನಸನ್ನು ಕಾಣಬಾರದು.

ಎರಡನೆಯದು, ಸ್ನಾತಕೋತ್ತರ ಪದವಿಯಿಲ್ಲದೆ ಅರ್ಜಿಯನ್ನೇ ಹಾಕಲಾಗದ ಉದ್ಯೋಗಗಳು. ನಮ್ಮ ಗಡಿನಾಡಿನ ಮಕ್ಕಳಿಗೆ ಇವು ಬಹಳ ಮುಖ್ಯವಾದವು. ಆದುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ಲಸ್ ಟು ತರಗತಿಯ ಅಧ್ಯಾಪಕನಾಗಲು ಆಯಾ ವಿಷಯದಲ್ಲಿ ಶೇಕಡಾ ೫೦ಕ್ಕೆ ಕಡಿಮೆಯಿಲ್ಲದ ಸ್ನಾತಕೋತ್ತರ ಪದವಿ, ಬಿ.ಎಡ್. ತರಬೇತಿ ಮತ್ತು ಕೇರಳದ ‘ಸೆಟ್’ ಪರೀಕ್ಷೆಯ ತೇರ್ಗಡೆ ಬೇಕು. ಹೈಸ್ಕೂಲು ಅಧ್ಯಾಪಕನಿಗೆ ಪದವಿ, ಬಿ.ಎಡ್. ಮತ್ತು ‘ಕೆ-ಟೆಟ್’ ಸಾಕು. ಇವರಿಬ್ಬರ ವೇತನದ ವ್ಯತ್ಯಾಸವನ್ನು ನೋಡಿ. ೨೦೧೯ರ ಜುಲೈ ೧ರಿಂದ ಅನ್ವಯವಾದ ವೇತನ ಪರಿಷ್ಕರಣೆಯಲ್ಲಿ ಹೈಸ್ಕೂಲು ಅಧ್ಯಾಪಕರ ಮೂಲವೇತನವು ೪೧,೩೦೦ ರೂಪಾಯಿಗಳಿಂದಲೂ, ಪ್ಲಸ್ ಟು ವಿಭಾಗದ ಹಿರಿಯ ದರ್ಜೆಯ ಅಧ್ಯಾಪಕರದು ೫೫,೨೦೦ ರೂಪಾಯಿಗಳಿಂದಲೂ ಆರಂಭವಾಗುತ್ತದೆ. ಆ ಎರಡು ವರ್ಷಗಳ ಓದಿನ ಬೆಲೆ ತಿಂಗಳಿಗೆ ಸುಮಾರು ಹದಿನಾಲ್ಕು ಸಾವಿರ ರೂಪಾಯಿಗಳು. ಇದು ಮೂಲವೇತನದ ಲೆಕ್ಕ ಮಾತ್ರ. ತುಟ್ಟಿಭತ್ಯೆ ಮೊದಲಾದವು ಬೇರೆ.

ಇನ್ನು ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕನಾಗಬೇಕಾದರೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ ೫೫ ಅಂಕಗಳೂ ‘ನೆಟ್’ ಪರೀಕ್ಷೆಯ ತೇರ್ಗಡೆಯೂ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ ಮತ್ತು ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇಕಡಾ ೫೦ ಸಾಕು. ವಿಶ್ವವಿದ್ಯಾಲಯ ಅನುದಾನ ಆಯೋಗದ ಏಳನೆಯ ವೇತನ ಶ್ರೇಣಿಯಲ್ಲಿ ಈ ಹುದ್ದೆಯ ಆರಂಭದ ಮೂಲವೇತನ ೫೭,೭೦೦ ರೂಪಾಯಿ. ಕಾಲೇಜಿನ ಗ್ರಂಥಪಾಲಕರಿಗೂ ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಅವಶ್ಯ. ಕೇಂದ್ರ ಸರಕಾರದ ಕಚೇರಿಗಳಲ್ಲಿ ಹಿಂದೀ ಅನುವಾದಕರ ಹುದ್ದೆಗಳಿವೆ. ಅದಕ್ಕೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಎಂ.ಎ. ಬೇಕು, ಪದವಿಯಲ್ಲಿ ಇನ್ನೊಂದು ಭಾಷೆಯನ್ನು ಓದಿರಬೇಕು, ಜೊತೆಗೆ ಅನುವಾದದ ಡಿಪ್ಲೊಮಾ ಅಥವಾ ಅನುಭವ ಇರಬೇಕು. ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಮರಾಟಿಯನ್ನೋ ಕೊಂಕಣಿಯನ್ನೋ ಮಲಯಾಳವನ್ನೋ ಆಡಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿಗಳನ್ನು ಕಲಿತು ಬೆಳೆಯುವವರು. ಐದು ಭಾಷೆಗಳ ನಡುವೆ ಬೆಳೆದವನಿಗೆ ಅನುವಾದದ ಕೆಲಸ ಭಾರವಾಗದು. ಆದರೆ ಈ ಮಾರ್ಗವನ್ನು ನಮ್ಮವರು ಹಿಡಿಯುವುದು ಅಪರೂಪ.

ವಿಜ್ಞಾನ ಓದಿದವರಿಗೆ ನಮ್ಮ ಮನೆಬಾಗಿಲಲ್ಲಿಯೇ ಒಂದು ಉದಾಹರಣೆಯಿದೆ. ೧೯೧೬ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿ, ೧೯೭೦ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೆಂಬ ಹೆಸರು ಪಡೆದ ಸಂಸ್ಥೆಯು ಕಾಸರಗೋಡು ಪೇಟೆಯ ಸಮೀಪದಲ್ಲಿಯೇ ಇದೆ. ತೆಂಗು, ಅಡಿಕೆ, ಕೊಕ್ಕೋಗಳ ರೋಗ, ತಳಿ, ಗೊಬ್ಬರಗಳ ಕುರಿತು ಅಲ್ಲಿ ಸಂಶೋಧನೆ ನಡೆಯುತ್ತದೆ. ಅಲ್ಲಿಯ ಗೇಟಿನ ಮುಂದಿನಿಂದ ಬಸ್ಸಿನಲ್ಲಿ ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಒಳಗೆ ಕೆಲಸ ಮಾಡುವುದನ್ನು ಕುರಿತು ಯೋಚಿಸಿದ್ದಾರೆ? ಸಂಶೋಧನೆಯ ಕ್ಷೇತ್ರಕ್ಕೆ ಬರಿಯ ಬಿ.ಎಸ್ಸಿ.ಯಿಂದ ಹೆಚ್ಚು ದೂರ ಹೋಗಲಾಗದು, ಎಂ.ಎಸ್ಸಿ.ಯೇ ಅದರ ಮೊದಲ ಮೆಟ್ಟಿಲು.

ಮೂರನೆಯದು, ಸ್ನಾತಕೋತ್ತರ ಪದವಿಯು ಎಲ್ಲ ಕಡೆಯೂ ಕಡ್ಡಾಯವಲ್ಲದಿದ್ದರೂ ಕೆಲಸದ ಯೋಗ್ಯತೆಯನ್ನು ನಿಜವಾಗಿ ಹೆಚ್ಚಿಸುವ ಕ್ಷೇತ್ರಗಳು: ಪತ್ರಿಕೋದ್ಯಮ, ಸಮಾಜಕಾರ್ಯ, ವಾಣಿಜ್ಯ, ಗಣಕಯಂತ್ರ ವಿಜ್ಞಾನ ಇತ್ಯಾದಿ. ಇಲ್ಲಿ ಪದವಿಪತ್ರಕ್ಕಿಂತ ಕೈಯ ಕೆಲಸ ಮಾತನಾಡುತ್ತದೆ. ಎರಡು ವರ್ಷ ಚೆನ್ನಾಗಿ ದುಡಿದು ಕಲಿತವನಿಗೆ ಲಾಭ. ಹಾಜರಿ ತುಂಬಿಸಿದವನಿಗೆ ಕಾಗದ ಮಾತ್ರ.

ಈಗ ನನ್ನದೇ ಒಂದು ಸಂಗತಿಯನ್ನು ಹೇಳಲು ಅಪ್ಪಣೆಯಾಗಲಿ. ನಾನು ಬಿ.ಎ. ಮುಗಿಸಿದ್ದು ೨೦೦೦ದ ಸುಮಾರಿಗೆ. ಕೇರಳದಲ್ಲಿ ಕಾಲೇಜುಗಳಲ್ಲಿದ್ದ ಪ್ರಿ-ಡಿಗ್ರಿ ತರಗತಿಗಳು ನಿಂತು, ಶಾಲೆಗಳಲ್ಲಿ ಪ್ಲಸ್ ಟು ತರಗತಿಗಳು ಎಲ್ಲೆಡೆ ತೆರೆಯುತ್ತಿದ್ದ ಕಾಲ ಅದು. ಮನೆಯಲ್ಲಿ ನಾನೇ ಹಿರಿಯ ಮಗ. ನನ್ನ ಕೆಳಗೆ ಇಬ್ಬರು ತಂಗಿಯರು. ತಂದೆಯವರು, “ಮೊದಲು ಒಂದು ಕೆಲಸಕ್ಕೆ ಸೇರು, ಓದನ್ನು ಆಮೇಲೆ ನೋಡುವಾ” ಎಂದರು. ನಾನು ಅಧ್ಯಾಪಕ ತರಬೇತಿ ಪಡೆದು ಕೆಲಸಕ್ಕೆ ಸೇರಿದೆ. ನನ್ನ ಸಹಪಾಠಿಯೊಬ್ಬನು ಕೊಣಾಜೆಗೆ ಹೋಗಿ ಎಂ.ಎ. ಮಾಡಿದನು. ಪದವಿಯಲ್ಲಿ ಅವನಿಗಿಂತ ನನಗೆ ಅಂಕಗಳು ಸ್ವಲ್ಪ ಹೆಚ್ಚೇ ಇದ್ದುವು. ಕೆಲವು ವರ್ಷಗಳ ಬಳಿಕ ಪ್ಲಸ್ ಟು ವಿಭಾಗದ ಹುದ್ದೆಗಳಿಗೆ ಅರ್ಜಿ ಕರೆದರು. ಯೋಗ್ಯತೆಯುಳ್ಳ ಹೈಸ್ಕೂಲು ಅಧ್ಯಾಪಕರಿಗೂ ಅದರಲ್ಲಿ ಒಂದು ಪಾಲು ಇತ್ತು. ಅರ್ಜಿಯ ನಮೂನೆಯನ್ನು ತಂದು ತುಂಬಿಸುತ್ತ ಹೋದೆ. ‘ಸ್ನಾತಕೋತ್ತರ ಪದವಿ’ ಎಂಬಲ್ಲಿಗೆ ಬಂದಾಗ ಅದರ ಮುಂದೆ ಒಂದು ಅಡ್ಡಗೆರೆಯನ್ನೆಳೆದು, ಸ್ವಲ್ಪ ಹೊತ್ತು ಅದನ್ನೇ ನೋಡಿ, ನಮೂನೆಯನ್ನು ಮಡಚಿ ಇರಿಸಿದೆ. ನನ್ನ ಸಹಪಾಠಿ ಆ ವರ್ಷ ಆಯ್ಕೆಯಾದನು. ತಂದೆಯವರ ಮೇಲೆ ನನಗೆ ಕಿಂಚಿತ್ತೂ ಅಸಮಾಧಾನವಿಲ್ಲ. ಅವರು ಅಂದಿನ ಮನೆಯ ಸ್ಥಿತಿಗೆ ತಕ್ಕುದನ್ನೇ ಹೇಳಿದರು. ಇಬ್ಬರು ತಂಗಿಯರ ಮದುವೆ ನನ್ನ ಸಂಬಳದಿಂದಲೇ ನಡೆಯಿತು. ಆದರೆ ‘ಆಮೇಲೆ’ ಎಂದು ಬಿಟ್ಟ ಓದು ಆಮೇಲೆ ಬರುವುದು ಬಹಳ ಕಷ್ಟವೆಂಬುದನ್ನು ನಾನು ಅನುಭವದಿಂದ ಬಲ್ಲೆ. ಮಕ್ಕಳಾದವು, ಶಾಲೆಯ ಹೊಣೆ ಬಂತು, ಪುಸ್ತಕ ತೆರೆದರೆ ಕಣ್ಣು ಮುಚ್ಚುತ್ತಿತ್ತು.

ಇದಕ್ಕೆ ವಿರುದ್ಧವಾದ ಇನ್ನೊಂದು ಕಥೆಯಿದೆ. ನಮ್ಮ ಶಾಲೆಯಲ್ಲಿಯೇ ಓದಿದ ಹುಡುಗನೊಬ್ಬನು ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿದನು. ಸೀಟು ಸಿಕ್ಕಿತೆಂದು ಇತಿಹಾಸದಲ್ಲಿ ಎಂ.ಎ. ಮಾಡಿದನು. ಆ ಬಳಿಕ ಮತ್ತೆ ಸೀಟು ಸಿಕ್ಕಿತೆಂದು ಕನ್ನಡ ವಿಷಯದಲ್ಲಿ ಬಿ.ಎಡ್. ಮಾಡಿದನು. ಮೂರು ಪದವಿಪತ್ರಗಳನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದು, “ಸರ್, ಎಲ್ಲಿ ಅರ್ಜಿ ಹಾಕಿದರೂ ಒಂದಲ್ಲ ಒಂದು ಕೊರತೆ ಹೇಳುತ್ತಾರೆ” ಎಂದನು. ಹೈಸ್ಕೂಲಿನ ಹುದ್ದೆಗೆ ಪದವಿಯ ವಿಷಯವೂ ಬಿ.ಎಡ್. ವಿಷಯವೂ ಹೊಂದಿಕೊಳ್ಳಬೇಕು. ಅವನ ಅರ್ಥಶಾಸ್ತ್ರಕ್ಕೂ ಕನ್ನಡ ಬಿ.ಎಡ್.ಗೂ ಹೊಂದಿಕೆಯಿರಲಿಲ್ಲ. ಪ್ಲಸ್ ಟು ವಿಭಾಗದಲ್ಲಿ ಇತಿಹಾಸದ ಹುದ್ದೆಗೆ ಆ ವಿಷಯದಲ್ಲಿಯೇ ಬಿ.ಎಡ್. ಮಾಡಿದವರಿಗೆ ಮೊದಲ ಮನ್ನಣೆ. ಬುದ್ಧಿವಂತ ಹುಡುಗ, ಎಲ್ಲಿಯೂ ಅನುತ್ತೀರ್ಣನಾದವನಲ್ಲ. ತೋಡಿದ್ದು ಮೂರು ಬಾವಿ. ಯಾವುದರಲ್ಲಿಯೂ ನೀರಿನವರೆಗೆ ಇಳಿಯಲಿಲ್ಲ. ಪದವಿ, ಸ್ನಾತಕೋತ್ತರ ಪದವಿ, ತರಬೇತಿ, ಈ ಮೂರೂ ಒಂದೇ ವಿಷಯದ ಜಾಡಿನಲ್ಲಿ ಸಾಗಬೇಕೆಂದು ಅವನಿಗೆ ಆರಂಭದಲ್ಲಿಯೇ ಯಾರಾದರೂ ಹೇಳಿದ್ದರೆ! ಹೇಳಬೇಕಾದವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ.

ಈ ಎರಡು ಕಥೆಗಳಿಂದ ತಿಳಿಯಬೇಕಾದುದು ಒಂದೇ ಮಾತು. ಸ್ನಾತಕೋತ್ತರ ವ್ಯಾಸಂಗವು ಉದ್ಯೋಗವನ್ನು ಕೊಡುವುದಿಲ್ಲ. ಒಂದು ಗೊತ್ತಾದ ಉದ್ಯೋಗಕ್ಕೆ ಅರ್ಹತೆಯನ್ನು ಕೊಡುತ್ತದೆ. ಆ ಉದ್ಯೋಗ ಯಾವುದೆಂದು ಸೇರುವ ಮೊದಲೇ ಗೊತ್ತಿದ್ದವನಿಗೆ ಅದು ಫಲಿಸುತ್ತದೆ. ಗೊತ್ತಿಲ್ಲದವನಿಗೆ ಎರಡು ವರ್ಷ ತಡವಾಗುತ್ತದೆ, ಅಷ್ಟೆ.

ಗಡಿಯಲ್ಲಿ ವಾಸಿಸುವ ನಮಗೆ ಇನ್ನೂ ಕೆಲವು ಎಚ್ಚರಿಕೆಗಳು ಅಗತ್ಯ. ಹೆಸರುಗಳಲ್ಲಿಯೇ ಗೊಂದಲವುಂಟು. ಕೇರಳದ ‘ಸೆಟ್’ ಪರೀಕ್ಷೆ ಪ್ಲಸ್ ಟು ಅಧ್ಯಾಪಕರಿಗೆ. ಕರ್ನಾಟಕದ ‘ಕೆ-ಸೆಟ್’ ಕಾಲೇಜು ಅಧ್ಯಾಪಕರಿಗೆ. ಅದರ ಮಾನ್ಯತೆ ಆ ರಾಜ್ಯಕ್ಕೆ ಸೀಮಿತ. ಒಂದನ್ನು ಇನ್ನೊಂದೆಂದು ತಿಳಿದು ಶುಲ್ಕ ಕಟ್ಟಿದವರನ್ನು ನಾನು ಕಂಡಿದ್ದೇನೆ. ‘ನೆಟ್’ ಪರೀಕ್ಷೆಯಾದರೋ ದೇಶದಾದ್ಯಂತ ಮಾನ್ಯ. ತನ್ನ ವಿಷಯದಲ್ಲಿ ನೆಟ್ ತೇರ್ಗಡೆಯಾದವನಿಗೆ ಪ್ಲಸ್ ಟು ಹುದ್ದೆಗೆ ಸೆಟ್ ಬರೆಯುವುದರಿಂದಲೂ ವಿನಾಯಿತಿಯಿದೆ. ಕಾಸರಗೋಡಿನಲ್ಲಿರಲಿ, ಪುತ್ತೂರಿನಲ್ಲಿರಲಿ, ಧಾರವಾಡದಲ್ಲಿರಲಿ ಸಲ್ಲುವ ನಾಣ್ಯ ಅದು. ಗಡಿನಾಡಿನ ವಿದ್ಯಾರ್ಥಿಗೆ ನೆಟ್ ಪರೀಕ್ಷೆಯೇ ಹೆಚ್ಚು ಪ್ರಯೋಜನಕಾರಿಯೆಂದು ನನ್ನ ಅಭಿಪ್ರಾಯ. ವರ್ಷಕ್ಕೆ ಎರಡು ಸಲ ನಡೆಯುವ ಈ ಪರೀಕ್ಷೆಯಲ್ಲಿ ಕನ್ನಡವೂ ಒಂದು ವಿಷಯವಾಗಿದೆ. ಎಂ.ಎ.ಯ ಕೊನೆಯ ವರ್ಷದಲ್ಲಿರುವಾಗಲೇ ಅದನ್ನು ಬರೆಯಬಹುದು. ಶೇಕಡಾ ೫೪ ಅಂಕ ಪಡೆದವನು ೫೫ರ ನಿಬಂಧನೆಯ ಹೊರಗೆ ನಿಲ್ಲುತ್ತಾನೆಂಬುದನ್ನು ಮೊದಲ ಸೆಮಿಸ್ಟರಿನಲ್ಲಿಯೇ ನೆನಪಿಡಬೇಕು.

ನೆರೆರಾಜ್ಯದ ವಿಶ್ವವಿದ್ಯಾಲಯದಲ್ಲಿ ಓದುವವರು ಆ ಪದವಿಗೆ ಕೇರಳದ ಲೋಕಸೇವಾ ಆಯೋಗದಲ್ಲಿ ತತ್ಸಮಾನತೆಯ ಪತ್ರ ಬೇಕಾಗುವುದೇ ಎಂದು ಸೇರುವ ಮೊದಲೇ ವಿಚಾರಿಸಬೇಕು. ಅಂಚೆಯ ಮೂಲಕ ಓದುವ ದೂರಶಿಕ್ಷಣವೂ ಸದುಪಾಯವೇ. ಉದ್ಯೋಗದಲ್ಲಿರುವವರಿಗೆ, ಮನೆಯ ಹೊಣೆಯಿರುವ ಹೆಣ್ಣುಮಕ್ಕಳಿಗೆ ಅದು ದೊಡ್ಡ ಅನುಕೂಲ. ಆದರೆ ಆ ಸಂಸ್ಥೆಗೆ ಅನುದಾನ ಆಯೋಗದ ಅನುಮತಿಯಿದೆಯೇ, ನಮ್ಮ ರಾಜ್ಯದವರಿಗೆ ಅದು ಪ್ರವೇಶ ಕೊಡಬಹುದೇ ಎಂಬೆರಡನ್ನೂ ತಿಳಿದೇ ಹಣ ಕಟ್ಟಬೇಕು.

ಇನ್ನೊಂದು ಹೊಸ ವಿಷಯ. ಕೇರಳದ ವಿಶ್ವವಿದ್ಯಾಲಯಗಳಲ್ಲಿ ೨೦೨೪ರ ಜುಲೈಯಿಂದ ನಾಲ್ಕು ವರ್ಷಗಳ ಪದವಿಕ್ರಮ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ ಹೊರಟವನಿಗೆ ಸಾಮಾನ್ಯ ಪದವಿ; ಅವನು ಮುಂದೆ ಎರಡು ವರ್ಷ ಓದಿದರೆ ಸ್ನಾತಕೋತ್ತರ. ನಾಲ್ಕನೆಯ ವರ್ಷವನ್ನೂ ಮುಗಿಸಿದವನಿಗೆ ಆನರ್ಸ್ ಪದವಿ. ಅವನಿಗೆ ಒಂದೇ ವರ್ಷದ ಸ್ನಾತಕೋತ್ತರ. ಹೇಗೆ ಲೆಕ್ಕ ಹಾಕಿದರೂ ಒಟ್ಟು ಐದು ವರ್ಷಗಳೇ. ಗಡಿಯಾಚೆ ಕರ್ನಾಟಕದಲ್ಲಿ ೨೦೨೪-೨೫ರಿಂದ ಮತ್ತೆ ಮೂರು ವರ್ಷಗಳ ಪದವಿಯೇ ಬಂದಿದೆ. ಆದುದರಿಂದ ಇಲ್ಲಿ ಪದವಿ ಓದಿ ಅಲ್ಲಿ ಸ್ನಾತಕೋತ್ತರಕ್ಕೆ ಹೋಗುವವರು, ತಮ್ಮನ್ನು ಯಾವ ವರ್ಷಕ್ಕೆ ಸೇರಿಸಿಕೊಳ್ಳುವರೆಂದು ಮುಂಚಿತವಾಗಿ ಪತ್ರ ಬರೆದು ಕೇಳಿಕೊಳ್ಳುವುದು ಲೇಸು.

ಎಲ್ಲಿ ಓದಬೇಕು ಎಂಬುದಕ್ಕೆ ನಮ್ಮ ಹಿರಿಯರಿಗಿಲ್ಲದ ಸೌಕರ್ಯ ನಿಮಗಿದೆ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಇದೆ. ೨೦೦೯ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವು ನಮ್ಮ ಜಿಲ್ಲೆಯ ಪೆರಿಯದಲ್ಲಿಯೇ ಇದೆ. ಅಲ್ಲಿಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಸೇರಬೇಕು. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ೧೯೬೮ರಲ್ಲಿ ಆರಂಭವಾಗಿ, ೧೯೮೦ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ಮಂಗಳೂರು ವಿಶ್ವವಿದ್ಯಾಲಯವು ಕೊಣಾಜೆಯಲ್ಲಿದೆ; ಮಂಜೇಶ್ವರದ ಕಡೆಯವರಿಗೆ ಅದು ಕಾಸರಗೋಡಿಗಿಂತಲೂ ಹತ್ತಿರ.

ರಕ್ಷಕ ಮಹನೀಯರೇ, ಇಷ್ಟರವರೆಗೆ ಒಬ್ಬೊಬ್ಬನ ಸಂಬಳದ ಮಾತನ್ನಾಡಿದೆ. ಇನ್ನು ನಮ್ಮೆಲ್ಲರ ಮಾತನ್ನಾಡಬೇಕಾಗಿದೆ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಅಧ್ಯಾಪಕರು ನೇಮಕಗೊಂಡು ಬಂದುದು, ಮಕ್ಕಳೂ ಹೆತ್ತವರೂ ಶಾಲೆಯ ಬಾಗಿಲಲ್ಲಿ ಕುಳಿತು ಪ್ರತಿಭಟಿಸಿದುದು ತಮಗೆಲ್ಲ ತಿಳಿದಿದೆ. ಆ ಪ್ರತಿಭಟನೆ ನ್ಯಾಯವಾದುದು. ಗಣಿತದ ಪ್ರಮೇಯವನ್ನು ಮಗುವಿಗೆ ತಿಳಿಯದ ಭಾಷೆಯಲ್ಲಿ ಹೇಳಿದರೆ ಅದು ಪಾಠವಲ್ಲ. ಆದರೆ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಪದವಿಯನ್ನೂ ತರಬೇತಿಯನ್ನೂ ಪಡೆದು, ಕನ್ನಡದಲ್ಲಿ ಪಾಠ ಹೇಳಬಲ್ಲ ನಮ್ಮ ಮಕ್ಕಳು ಎಷ್ಟು ಮಂದಿ ಸಿದ್ಧರಾಗಿದ್ದಾರೆ? ಪ್ಲಸ್ ಟು ವಿಭಾಗಕ್ಕೆ ಬಂದರೆ ಈ ಕೊರತೆ ಇನ್ನೂ ಹೆಚ್ಚು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಜಿಲ್ಲೆಗೆ ಕೀರ್ತಿ ತರುವಂಥ ಅಂಕ ಪಡೆದ ಮಗು, ಪ್ಲಸ್ ವನ್ ವಿಜ್ಞಾನ ತರಗತಿಯಲ್ಲಿ ಕುಳಿತು ಮೊದಲ ಮೂರು ತಿಂಗಳು ಒಂದಕ್ಷರವೂ ತಲೆಗೆ ಹತ್ತದೆ ಅಳುವುದನ್ನು ನಾನು ಬಲ್ಲೆ. ಆಗ ಹತ್ತಿರ ಬಂದು, ‘ವೇಗೋತ್ಕರ್ಷ ಎಂದು ಕಲಿತೆಯಲ್ಲ, ಅದೇ ಇದು’ ಎಂದು ಒಂದೇ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳುವ ಅಧ್ಯಾಪಕನಿದ್ದರೆ ಆ ಮಗು ಉಳಿಯುತ್ತದೆ. ಆ ವಾಕ್ಯವನ್ನು ಹೇಳಬಲ್ಲವನು ಎಂ.ಎಸ್ಸಿ., ಬಿ.ಎಡ್., ಸೆಟ್ ಆಗಿರಬೇಕೆಂದು ಕಾನೂನು ಹೇಳುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಹೀಗೆಯೇ ಗಣಿತ ಕಲಿಸುತ್ತಿದ್ದಾಳೆ. ಅವಳ ತಾಯಿ ಬೀಡಿ ಕಟ್ಟಿ ಮಗಳನ್ನು ಎಂ.ಎಸ್ಸಿ.ಯವರೆಗೆ ಓದಿಸಿದರು. ಪದವಿ ಮುಗಿದಾಗ ನೆಂಟರೆಲ್ಲ, “ಹೆಣ್ಣು ಹುಡುಗಿಗೆ ಇಷ್ಟು ಸಾಲದೇ? ಹೆಚ್ಚು ಓದಿದರೆ ಅದಕ್ಕೆ ತಕ್ಕ ಗಂಡು ಹುಡುಕುವುದೆಲ್ಲಿ?” ಎಂದರಂತೆ. ಆ ತಾಯಿ, “ಗಂಡು ಸಿಕ್ಕಿದಾಗ ಸಿಕ್ಕಲಿ. ಬೀಡಿಯ ಮೊರ ಅವಳ ಮಡಿಲಿಗೆ ಬರುವುದು ಬೇಡ” ಎಂದರಂತೆ. ಇದನ್ನು ಮಗಳೇ ನನಗೆ ಹೇಳಿದಳು. ಇಂದು ಅವಳ ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಹಿಂದಿನ ಬೆಂಚನ್ನು ಹುಡುಕುವುದಿಲ್ಲವಂತೆ.

ವೆಚ್ಚದ ಕುರಿತು ಎರಡು ಮಾತು. ಪರಿಶಿಷ್ಟ ವರ್ಗಗಳ ಮಕ್ಕಳಿಗೆ ಸರಕಾರದ ಶುಲ್ಕ ರಿಯಾಯಿತಿಯೂ ವಿದ್ಯಾರ್ಥಿವೇತನವೂ ಇವೆ. ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದು ಜೆ.ಆರ್.ಎಫ್. ಗಳಿಸಿದವನಿಗೆ, ಸಂಶೋಧನೆಗೆ ಸೇರಿದ ಮೊದಲೆರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿಗಳ ವೇತನ ದೊರೆಯುತ್ತದೆ; ೨೦೨೩ರಿಂದ ಈ ಮೊತ್ತ ಜಾರಿಯಲ್ಲಿದೆ. ಗೇಟ್ ಪರೀಕ್ಷೆಯ ಮೂಲಕ ಎಂ.ಟೆಕ್.ಗೆ ಸೇರಿದವನಿಗೆ ತಿಂಗಳಿಗೆ ೧೨,೪೦೦ ರೂಪಾಯಿ. ಓದುತ್ತಲೇ ಮನೆಗೆ ಹಣ ಕಳುಹಿಸಿದ ಮಕ್ಕಳುಂಟು. ಬ್ಯಾಂಕುಗಳು ೪ ಲಕ್ಷ ರೂಪಾಯಿಗಳವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಸಾಮಾನ್ಯವಾಗಿ ಅಡವು ಕೇಳುವುದಿಲ್ಲ. ಆದರೆ ಸಾಲ ಸಾಲವೇ. ಸರಕಾರಿ ಕಾಲೇಜಿನ ಎಂ.ಎ.ಗೆ ಸಾಲದ ಅಗತ್ಯ ಬೀಳುವುದು ಅಪರೂಪ; ದೂರದ ಊರಿನ ಖಾಸಗಿ ಸಂಸ್ಥೆಯ ಜಾಹೀರಾತನ್ನು ನೋಡಿ ತೋಟವನ್ನು ಅಡವಿಡಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಕೊನೆಯದಾಗಿ, ನನ್ನ ಮಾತಿನಿಂದ ಪದವಿಯೇ ವಿದ್ಯೆಯೆಂದು ಯಾರೂ ತಿಳಿಯಬಾರದು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ತಂದೆಯವರ ಅಸ್ವಾಸ್ಥ್ಯದಿಂದ ಬಿ.ಎ. ಪರೀಕ್ಷೆಯನ್ನು ಪೂರ್ಣಗೊಳಿಸಲಾರದೆ ಊರಿಗೆ ಮರಳಿದವರು. ಹಲವು ಭಾಷೆಗಳನ್ನು ಕಲಿತು, ಮನೆಯಲ್ಲಿಯೇ ಕುಳಿತು ಸಂಶೋಧನೆ ನಡೆಸಿದ ಅವರಿಗೆ ೧೯೪೯ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿಯೆಂಬ ಬಿರುದನ್ನಿತ್ತಿತು. ಅವರ ವಿದ್ವತ್ತಿಗೆ ಪದವಿಪತ್ರ ಬೇಕಾಗಿರಲಿಲ್ಲ.  ಆದರೆ ಹುದ್ದೆ ಬೇಕೆನ್ನುವ ನಮಗೆ ಅವರ ಓದಿನ ಶ್ರದ್ಧೆಯೂ ಬೇಕು, ನಿಯಮ ಹೇಳುವ ಪತ್ರವೂ ಬೇಕು.

ವಿದ್ಯಾರ್ಥಿಗಳೇ, ನೀವು ಈಗ ಹತ್ತನೆಯ ತರಗತಿಯಲ್ಲಿದ್ದೀರಿ, ಪ್ಲಸ್ ಟುವಿನಲ್ಲಿದ್ದೀರಿ. ಎಂ.ಎ.ಯ ಮಾತು ನಮಗೇಕೆ ಎನ್ನಬೇಡಿ. ಇಂದು ನೀವು ಆರಿಸುವ ವಿಷಯವೇ ಆ ದಾರಿಯ ಮೊದಲ ಹೆಜ್ಜೆ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ 
ನಾನಿರುತ್ತೇನೆ. ಯಾವ ಉದ್ಯೋಗಕ್ಕೆ ಯಾವ ಓದು ಎಂದು ಕೇಳಬೇಕಾದವರು ಬನ್ನಿ. ಹಳೆಯ ವಿದ್ಯಾರ್ಥಿಗಳೂ ಬರಬಹುದು, ಹೆತ್ತವರೂ ಬರಬಹುದು. ನನಗೆ ತಿಳಿಯದಿದ್ದರೆ ತಿಳಿದವರನ್ನು ಕೇಳಿ ಹೇಳುತ್ತೇನೆ.

ಜೂನ್ ತಿಂಗಳಿನಲ್ಲಿ ಬಂದ ಆ ಕೃಷಿಕ ಮಿತ್ರರ ಮಾತಿನಿಂದ ಆರಂಭಿಸಿದೆ, ಅಲ್ಲಿಯೇ ಮುಗಿಸುತ್ತೇನೆ. ವಾರ ಕಳೆದು ನಾನೇ ಅವರ ಮನೆಗೆ ಹೋದೆ. ಮಗಳನ್ನು ಕರೆದು, “ಎಂ.ಎ. ಮಾಡಿ ಏನಾಗಬೇಕೆಂದಿದ್ದೀಯಮ್ಮ?” ಎಂದು ಕೇಳಿದೆ. ಅವಳು ತಡಮಾಡದೆ, “ನೆಟ್ ಬರೆದು ಕಾಲೇಜಿನಲ್ಲಿ ಕಲಿಸಬೇಕು ಸರ್. ಅದಾಗದಿದ್ದರೆ ಬಿ.ಎಡ್. ಮಾಡಿ ಪ್ಲಸ್ ಟು” ಎಂದಳು. ನಾನು ತಂದೆಯ ಕಡೆಗೆ ತಿರುಗಿ, “ಓದಿಸಿ” ಎಂದೆ. ಹಿಂದಿನ ವಾರ ಹೇಳಿದ್ದೂ ಅದೇ ಮಾತು. ಆದರೆ ಈ ಸಲ ಅದರ ಹಿಂದೆ ಲೆಕ್ಕವಿತ್ತು. ಅವಳು ಈಗ ಎಂ.ಎ. ಮೊದಲ ವರ್ಷದಲ್ಲಿದ್ದಾಳೆ. ಮುಂದಿನದು ಅವಳ ಪರಿಶ್ರಮಕ್ಕೆ ಬಿಟ್ಟದ್ದು.